ಸ್ಕ್ಯಾನ್‌ಕೋಡ್ ಟೂಲ್‌ಕಿಟ್: ಸಾಫ್ಟ್‌ವೇರ್ ಮಾರುವ ಸಣ್ಣ ಅಂಗಡಿಯವರಿಗೆ ಬೇಕೇ ಬೇಕು

ಸ್ಕ್ಯಾನ್‌ಕೋಡ್ ಟೂಲ್‌ಕಿಟ್ ಅಂತ ಒಂದು ಟೂಲ್ ಇದೆ. ದುಡ್ಡು ಕೊಡಬೇಕಿಲ್ಲ. ನಿಮ್ಮ ಸಾಫ್ಟ್‌ವೇರ್ ಇರುವ ಫೋಲ್ಡರ್ ತೋರಿಸಿದರೆ ಒಂದೊಂದೇ ಫೈಲ್ ತೆರೆದು ಓದಿ, ಯಾವುದಕ್ಕೆ ಯಾವ ಲೈಸೆನ್ಸ್ (ಬಳಸಲು ಕೊಟ್ಟ ಅನುಮತಿ, ಅದರ ಷರತ್ತು) ಇದೆ, ಕಾಪಿರೈಟ್ ಯಾರದು ಅಂತ ಪಟ್ಟಿ ಕೊಡುತ್ತದೆ. ಇಷ್ಟೇ ಅದರ ಕೆಲಸ. ಆ ಪಟ್ಟಿ ನೋಡಿದ ಮೇಲೆ ನಾವು ಮಾರುವ ಸಾಫ್ಟ್‌ವೇರ್‌ನ ಎರಡು ಭಾಗಗಳನ್ನು ಕಿತ್ತು ಹೊಸದಾಗಿ ಬರೆಯಬೇಕಾಯಿತು. ನಮ್ಮಂಥ ಸಣ್ಣವರಿಗೆ ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಗಂಗಾವತಿಯಲ್ಲಿ ನಮ್ಮದು ಸಣ್ಣ ಅಂಗಡಿ. ರೈಸ್ ಮಿಲ್‌ಗಳಿಗೆ ಕಾಟಾ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತೇವೆ. ಭತ್ತದ ಲಾರಿ ಕಾಟಾ ಹತ್ತಿತು ಅಂದರೆ ತೂಕ ಸೀರಿಯಲ್ ಕೇಬಲ್ ಮೂಲಕ ಸೀದಾ ಕಂಪ್ಯೂಟರ್‌ಗೆ ಬರುತ್ತದೆ. ಖಾಲಿ ಲಾರಿಯ ತೂಕ ಕಳೆದು, ಚೀಲದ ತೂಕ ಬಿಟ್ಟು, ತೇವಾಂಶ, ಹಮಾಲಿ ಎಲ್ಲಾ ಹಾಕಿ ಚೀಟಿ ಬರುತ್ತದೆ. ತವಡು, ನುಚ್ಚಿನ ಲೆಕ್ಕವೂ ಅದರಲ್ಲೇ. ಕಾರಟಗಿ, ಸಿಂಧನೂರು ಕಡೆಗೂ ಗಿರಾಕಿಗಳಿದ್ದಾರೆ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯ, ಯಾರಿಗೂ ಕೊಡುವುದಿಲ್ಲ. ಇನ್‌ಸ್ಟಾಲ್ ಮಾಡಿಕೊಟ್ಟು ವರ್ಷಕ್ಕೊಮ್ಮೆ ಎಎಂಸಿ (ನೋಡಿಕೊಳ್ಳುವ ವಾರ್ಷಿಕ ಶುಲ್ಕ) ತಗೊಳ್ಳುತ್ತೇವೆ. ಹೊಟ್ಟೆಪಾಡು ನಡೆಯುವುದು ಅದರ ಮೇಲೇ.

ಈ ಸಾಫ್ಟ್‌ವೇರ್‌ನ ಮೊದಲ ವರ್ಷನ್ ನಾವು ಬರೆದದ್ದಲ್ಲ. ಹೊರಗಿನ ಒಂದು ಕಂಪನಿ ಗುತ್ತಿಗೆ ಮೇಲೆ ಬರೆದುಕೊಟ್ಟದ್ದು. ಆಮೇಲೆ ಕೋಡ್ ನಮ್ಮ ಕೈಗೆ ಬಂತು, ಅದರ ಮೇಲೆ ನಾವು ಕಟ್ಟುತ್ತಾ ಹೋದೆವು. ಮೊನ್ನೆ ಒಂದು ದೊಡ್ಡ ಕಂಪನಿಯವರು ಇದನ್ನು ತಮ್ಮ ಹೆಸರಿನಲ್ಲಿ ಬೇರೆ ರಾಜ್ಯಗಳಲ್ಲಿ ಮಾರುತ್ತೇವೆ ಅಂತ ಬಂದರು. ದರ ಮಾತಾಡುವ ಮೊದಲೇ ಅವರ ವಕೀಲರ ಕಡೆಯಿಂದ ಒಂದು ಫಾರ್ಮ್ ಬಂತು. ಒಳಗಿರುವ ಓಪನ್ ಸೋರ್ಸ್ ಭಾಗಗಳು (ಬೇರೆಯವರು ಬರೆದು, ಸೋರ್ಸ್ ಸಮೇತ ಎಲ್ಲರೂ ಬಳಸಲಿ ಅಂತ ಬಿಟ್ಟ ಕೋಡ್) ಯಾವುವು, ಯಾವ ವರ್ಷನ್, ಯಾವ ಲೈಸೆನ್ಸ್, ಎಲ್ಲಾ ಎಸ್‌ಪಿಡಿಎಕ್ಸ್ ರೂಪದಲ್ಲಿ ಕೊಡಿ ಅಂತ. ಎಸ್‌ಪಿಡಿಎಕ್ಸ್ ಅನ್ನುವುದು ಇಂಥ ಪಟ್ಟಿ ಬರೆಯುವ ಒಂದು ಕ್ರಮ. 2021ರಲ್ಲಿ ಐಎಸ್‌ಒ ಮಾನದಂಡವೂ ಆಗಿದೆ.

ಮೊದಲು ಬರೆದುಕೊಟ್ಟ ಕಂಪನಿಗೆ ಫೋನ್ ಮಾಡಿದೆ. "ಅದೆಲ್ಲಾ ನೆಟ್‌ನಲ್ಲಿ ಸಿಗೋದು ಸರ್, ಏನೂ ಪ್ರಾಬ್ಲಮ್ ಇಲ್ಲ" ಅಂದರು. ಪಟ್ಟಿ ಕೇಳಿದರೆ ಪಟ್ಟಿ ಇಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ನಾವು ಅವರಿಗೆ ಪೂರ್ತಿ ದುಡ್ಡು ಕೊಟ್ಟಿದ್ದೇವೆ, ಒಪ್ಪಂದವೂ ಇದೆ. ಆದರೆ ಬೇರೆಯವರು ಬರೆದ ಯಾವ ಯಾವ ಭಾಗ ಸೇರಿಸಿದ್ದೀರಿ ಅಂತ ತಿಳಿಸುವ ಒಂದು ಸಾಲೂ ಆ ಒಪ್ಪಂದದಲ್ಲಿ ಇಲ್ಲ. ಗುತ್ತಿಗೆ ಕೊಡುವವರು ಈ ಒಂದು ಸಾಲು ದಯವಿಟ್ಟು ಸೇರಿಸಿಕೊಳ್ಳಿ.

ಇನ್ನು ಟೂಲ್ ವಿಷಯ. ಸ್ಕ್ಯಾನ್‌ಕೋಡ್ ಕೂಡ ಓಪನ್ ಸೋರ್ಸೇ, ಅಪಾಚೆ 2.0 ಲೈಸೆನ್ಸ್. ಪೈಥಾನ್‌ನಲ್ಲಿ ಬರೆದದ್ದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನನ್ನ ಅನುಭವದಲ್ಲಿ ಲಿನಕ್ಸ್‌ನಲ್ಲಿ ಹಾಕುವುದು ಸಲೀಸು. ಬಟನ್ ಒತ್ತಿ ನಡೆಸುವ ಟೂಲ್ ಅಲ್ಲ ಇದು, ಕಪ್ಪು ಕಿಟಕಿಯಲ್ಲಿ ಆದೇಶ ಟೈಪ್ ಮಾಡಬೇಕು. ಲೈಸೆನ್ಸ್ ಬೇಕು, ಕಾಪಿರೈಟ್ ಬೇಕು, ಪ್ಯಾಕೇಜ್ ವಿವರ ಬೇಕು ಅಂತ ಆಯ್ಕೆ ಕೊಟ್ಟು, ಫಲಿತಾಂಶ ಯಾವ ಫೈಲ್‌ಗೆ ಹೋಗಬೇಕು ಅಂತ ಹೇಳಿದರೆ ಶುರುವಾಗುತ್ತದೆ. ಫಲಿತಾಂಶವನ್ನು ಜೆಸಾನ್ ಅನ್ನುವ ಟೆಕ್ಸ್ಟ್ ರೂಪದಲ್ಲಿ ಪಡೆಯಬಹುದು, ಎಚ್‌ಟಿಎಂಎಲ್‌ನಲ್ಲಿ ಪಡೆಯಬಹುದು, ವಕೀಲರು ಕೇಳಿದ ಎಸ್‌ಪಿಡಿಎಕ್ಸ್‌ನಲ್ಲೂ ಪಡೆಯಬಹುದು. ಜೆಸಾನ್ ಓದಲು ಕಷ್ಟ ಅನ್ನುವವರಿಗೆ ಸ್ಕ್ಯಾನ್‌ಕೋಡ್ ವರ್ಕ್‌ಬೆಂಚ್ ಅಂತ ಜೊತೆಯ ಟೂಲ್ ಇದೆ. ಅದರಲ್ಲಿ ತೆರೆದರೆ ಟೇಬಲ್, ಚಾರ್ಟ್ ಸಮೇತ ಕಾಣುತ್ತದೆ.

ಜಿಪ್ ಥರದ ಫೈಲ್‌ಗಳ ಒಳಗೆ ಅದು ತಾನಾಗಿ ಹೋಗುವುದಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಪ್ರೋಗ್ರಾಂ ಬರೆಯುವವರು ಬಳಸುವ ನ್ಯೂಗೆಟ್ ಪ್ಯಾಕೇಜ್‌ಗಳು ನಿಜವಾಗಿ ಜಿಪ್ ಫೈಲ್‌ಗಳೇ. ಅವನ್ನು ಬಿಚ್ಚಲು ಇದರ ಜೊತೆಗೇ ಎಕ್ಸ್‌ಟ್ರಾಕ್ಟ್‌ಕೋಡ್ ಅನ್ನುವ ಇನ್ನೊಂದು ಆದೇಶ ಬರುತ್ತದೆ. ಮೊದಲು ಅದನ್ನು ಓಡಿಸಿ, ಆಮೇಲೆ ಸ್ಕ್ಯಾನ್ ಮಾಡಿ. ಇದನ್ನು ಬಿಟ್ಟರೆ ಅರ್ಧ ಪಟ್ಟಿಯೇ ಸಿಗುತ್ತದೆ.

ನಿಧಾನ ಅನ್ನುವುದು ನಿಜ. ಫೈಲ್ ಜಾಸ್ತಿ ಇದ್ದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಏಕಕಾಲಕ್ಕೆ ಎಷ್ಟು ಕೆಲಸ ನಡೆಸಬೇಕು ಅಂತ ಹೇಳುವ ಆಯ್ಕೆ ಇದೆ, ಅದನ್ನು ಹೆಚ್ಚಿಸಿದರೆ ಬೇಗ ಮುಗಿಯುತ್ತದೆ. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ರಾತ್ರಿ ಹಚ್ಚಿ ಮಲಗುವುದು ವಾಸಿ.

ನಮ್ಮ ಪಟ್ಟಿಯಲ್ಲಿ ಬಹಳಷ್ಟು ಎಂಐಟಿ, ಬಿಎಸ್‌ಡಿ, ಅಪಾಚೆ ಇದ್ದವು. ಟೂಲ್ ಇವನ್ನು ಪರ್ಮಿಸಿವ್, ಅಂದರೆ ಸಡಿಲ ಷರತ್ತಿನ ಲೈಸೆನ್ಸ್ ಅನ್ನುವ ಗುಂಪಿಗೆ ಹಾಕುತ್ತದೆ. ಕೋಡ್ ಮುಚ್ಚಿಟ್ಟುಕೊಂಡು ಮಾರುವವರಿಗೆ ಇವು ತೊಂದರೆ ಕೊಡುವುದಿಲ್ಲ. ಆದರೆ ಒಂದು ಷರತ್ತು ಇದೆ: ಬರೆದವರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯವನ್ನು ನಿಮ್ಮ ಸಾಫ್ಟ್‌ವೇರ್ ಜೊತೆ ಕೊಡಬೇಕು. ಅಪಾಚೆಯಲ್ಲಾದರೆ ನೋಟಿಸ್ ಫೈಲ್ ಇದ್ದರೆ ಅದನ್ನೂ ಉಳಿಸಬೇಕು. ಒಂದು ಟೆಕ್ಸ್ಟ್ ಫೈಲ್ ಇಟ್ಟರೆ ಮುಗಿಯುವ ಕೆಲಸ. ಅದನ್ನೂ ಮಾಡದೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಯಾರೋ ಎಲ್ಲೋ ಕೂತು ರಾತ್ರಿ ಹಗಲು ಬರೆದ ಕೋಡ್‌ನಿಂದ ನಾವು ಅನ್ನ ತಿನ್ನುತ್ತೇವೆ. ಅವರ ಹೆಸರು ಇಡಲು ನಮಗೇನು ಕಷ್ಟ?

ಆಮೇಲೆ ಸಿಕ್ಕಿತು ಐಟೆಕ್ಸ್ಟ್‌ಶಾರ್ಪ್. ಪಿಡಿಎಫ್ ಮಾಡುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಕಾಟಾ ಚೀಟಿ, ಬಿಲ್ಲು ಎಲ್ಲಾ ಪಿಡಿಎಫ್ ಆಗಿ ಹೋಗುವುದು ಇದರಿಂದಲೇ. ಎದುರಿಗೆ ಲೈಸೆನ್ಸ್ ಎಜಿಪಿಎಲ್ 3.0 ಅಂತ ಬರೆದಿತ್ತು, ಗುಂಪು ಕಾಪಿಲೆಫ್ಟ್. ಅಂದರೆ ಹಂಚಿದರೆ ಸೋರ್ಸೂ ಕೊಡಬೇಕು ಅನ್ನುವ ಗುಂಪು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಐಟೆಕ್ಸ್ಟ್‌ಶಾರ್ಪ್ ಅನ್ನುವುದು ಐಟೆಕ್ಸ್ಟ್ ಅನ್ನುವ ಲೈಬ್ರರಿಯ ಡಾಟ್‌ನೆಟ್ ರೂಪ. ಐಟೆಕ್ಸ್ಟ್‌ನ ಹಳೆಯ ವರ್ಷನ್‌ಗಳು ಇದಕ್ಕಿಂತ ಸಡಿಲವಾದ ಎಂಪಿಎಲ್ ಮತ್ತು ಎಲ್‌ಜಿಪಿಎಲ್ ಲೈಸೆನ್ಸಿನಲ್ಲಿದ್ದವು. 2009ರಲ್ಲಿ 5ನೇ ವರ್ಷನ್‌ನಿಂದ ಎಜಿಪಿಎಲ್ ಆಯಿತು. ಎಜಿಪಿಎಲ್ ಷರತ್ತು ಒಪ್ಪಿದರೆ ಹಾಗೇ ಬಳಸಿ, ಕೋಡ್ ಮುಚ್ಚಿಟ್ಟುಕೊಂಡು ಮಾರಬೇಕು ಅಂದರೆ ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ತಗೊಳ್ಳಿ. ಅದು ಅವರ ವ್ಯಾಪಾರದ ರೀತಿ, ನ್ಯಾಯವಾಗಿಯೇ ಇದೆ. ನೆಟ್‌ನಲ್ಲಿ ಹುಡುಕಿದರೆ ಸಿಗುವ ಹಳೆಯ ಪಾಠಗಳೆಲ್ಲಾ ಇದೇ ಲೈಬ್ರರಿ ಬಳಸಿರುತ್ತವೆ. ಹುಡುಗರು ಪಾಠ ನೋಡುತ್ತಾರೆ, ಡೌನ್‌ಲೋಡ್ ಮಾಡುತ್ತಾರೆ, ಸೇರಿಸುತ್ತಾರೆ. ಲೈಸೆನ್ಸ್ ಓದುವವರು ಯಾರು?

ಇದರಲ್ಲಿ ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ನಮ್ಮ ಸಾಫ್ಟ್‌ವೇರ್ ಮಾಡಿದ ಒಂದು ಕಾಟಾ ಚೀಟಿಯ ಪಿಡಿಎಫ್ ತೆರೆದು ಪ್ರಾಪರ್ಟೀಸ್‌ಗೆ ಹೋದೆ. ಪಿಡಿಎಫ್ ಪ್ರೊಡ್ಯೂಸರ್ ಅನ್ನುವ ಜಾಗದಲ್ಲಿ ಐಟೆಕ್ಸ್ಟ್‌ಶಾರ್ಪ್ 5 ಅಂತ ಹೆಸರು, ಕೊನೆಗೆ ಆವರಣದಲ್ಲಿ "ಎಜಿಪಿಎಲ್ ವರ್ಷನ್" ಅಂತ ಬರೆದಿತ್ತು. ಈ ಸಾಲು ಅಳಿಸಬಾರದು ಅನ್ನುವುದೂ ಅವರ ಷರತ್ತುಗಳಲ್ಲಿ ಒಂದು. ಅಂದರೆ ನಮ್ಮ ಗಿರಾಕಿ ಮಿಲ್ಲಿನವರು ಅಕ್ಕಿ ಕೊಂಡವರಿಗೆಲ್ಲಾ ಮೇಲ್ ಮಾಡಿದ ಒಂದೊಂದು ಬಿಲ್ಲಿನ ಒಳಗೂ ಆ ಸಾಲು ಇತ್ತು. ನಮ್ಮ ಕೋಡ್ ನೋಡಬೇಕಾಗಿಯೇ ಇಲ್ಲ. ಒಂದು ಬಿಲ್ಲು ಸಿಕ್ಕರೆ ಸಾಕು, ಒಳಗೆ ಏನಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನೀವೂ ನಿಮ್ಮ ಸಾಫ್ಟ್‌ವೇರ್‌ನ ಒಂದು ಪಿಡಿಎಫ್ ತೆರೆದು ಈಗಲೇ ನೋಡಿ. ಇದಕ್ಕೆ ಯಾವ ಟೂಲೂ ಬೇಡ.

ಹಾಗಾದರೆ ಏನಾಗುತ್ತದೆ? ನಮ್ಮ ಕಡೆ ಇದರ ಬಗ್ಗೆ ಎರಡು ಥರದ ಮಾತು ಕೇಳುತ್ತೇನೆ. ಒಂದು, ಓಪನ್ ಸೋರ್ಸ್ ಮಾರಲೇಬಾರದು ಅಂತ. ಸುಳ್ಳು. ಕಾಪಿಲೆಫ್ಟ್ ಗುಂಪಿನ ಮುಖ್ಯ ಲೈಸೆನ್ಸ್ ಜಿಪಿಎಲ್, ಅದು ಮಾರಾಟಕ್ಕೆ ಅಡ್ಡಿ ಮಾಡುವುದಿಲ್ಲ. ಸಾಫ್ಟ್‌ವೇರ್ ಪಡೆದವರಿಗೆ ಸೋರ್ಸ್ ಕೋಡೂ ಸಿಗುವಂತೆ ಮಾಡಿ, ಅವರು ಅದನ್ನು ಬದಲಿಸಿ ಹಂಚುವ ಹಕ್ಕನ್ನು ಕಿತ್ತುಕೊಳ್ಳಬೇಡಿ ಅನ್ನುತ್ತದೆ. ಅಂಥ ಲೈಬ್ರರಿಯನ್ನು ನಮ್ಮ ಕೋಡ್ ಜೊತೆ ಬೆಸೆದು ಒಂದೇ ಪ್ರೋಗ್ರಾಂ ಆಗಿ ಹಂಚಿದರೆ ಇಡೀ ಪ್ರೋಗ್ರಾಂಗೆ ಅದೇ ಷರತ್ತು ಬರುತ್ತದೆ. ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆ ಕೋಡನ್ನು ಬದಲಿಸಿ ಸರ್ವರ್‌ನಲ್ಲಿಟ್ಟು ನೆಟ್ ಮೂಲಕ ಬಳಸಲು ಬಿಟ್ಟರೂ ಬಳಸುವವರಿಗೆ ಸೋರ್ಸ್ ಸಿಗಬೇಕು. ನಮ್ಮಂಥವರಿಗೆ ಇದು ಎಎಂಸಿ ವ್ಯಾಪಾರವೇ ಹೋದ ಹಾಗೆ.

ಇನ್ನೊಂದು ಮಾತು, ತಪ್ಪಿದರೆ ಕೋರ್ಟು ನಿಮ್ಮ ಕೋಡ್ ಕಿತ್ತುಕೊಂಡು ಊರಿಗೆಲ್ಲಾ ಹಂಚುತ್ತದೆ ಅಂತ. ಅದೂ ಹಾಗಲ್ಲ. ಷರತ್ತು ಮುರಿದರೆ ಲೈಸೆನ್ಸ್ ರದ್ದಾಗುತ್ತದೆ, ಆಗ ನೀವು ಅನುಮತಿ ಇಲ್ಲದೆ ಬೇರೆಯವರ ಕೃತಿ ನಕಲು ಮಾಡಿ ಮಾರಿದಂತೆ. ಅದು ಕಾಪಿರೈಟ್ ಉಲ್ಲಂಘನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಮಾರಾಟ ನಿಲ್ಲಿಸಿ ಅಂತ ಆದೇಶ ಬರಬಹುದು, ಪರಿಹಾರ ಕೊಡಬೇಕಾಗಬಹುದು. ಗೊತ್ತಿದ್ದೂ ಮಾಡಿದರೆ 63ನೇ ಕಲಂ ಪ್ರಕಾರ ಜೈಲು, ದಂಡವೂ ಇದೆ.

ಇದೆಲ್ಲಾ ಬರೀ ಪುಸ್ತಕದ ಮಾತಲ್ಲ. ಅಮೆರಿಕದಲ್ಲಿ 2008ರಲ್ಲಿ ಆಟಿಕೆ ರೈಲಿನ ಸಾಫ್ಟ್‌ವೇರ್ ಬಗ್ಗೆ ಜೇಕಬ್‌ಸನ್ ಮತ್ತು ಕಾಟ್ಜರ್ ಅನ್ನುವವರ ನಡುವೆ ಒಂದು ಮೊಕದ್ದಮೆ ನಡೆಯಿತು. ದುಡ್ಡು ತಗೊಳ್ಳದೆ ಕೊಟ್ಟ ಕೋಡ್ ಆದರೂ ಅದರ ಷರತ್ತು ಮುರಿದರೆ ಕಾಪಿರೈಟ್ ಪ್ರಕಾರ ಕೇಳಬಹುದು ಅಂತ ಮೇಲಿನ ಕೋರ್ಟು ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಿಪಿಎಲ್ ಬರೆದ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ನೆಟ್‌ವರ್ಕ್ ಸಾಮಾನು ಮಾಡುವ ಸಿಸ್ಕೊ ಕಂಪನಿ ಮೇಲೆ ಕೇಸ್ ಹಾಕಿತು. ಲಿಂಕ್ಸಿಸ್ ಹೆಸರಿನ ಸಾಮಾನುಗಳಲ್ಲಿ ಜಿಪಿಎಲ್ ಕೋಡ್ ಇದೆ, ಸೋರ್ಸ್ ಸರಿಯಾಗಿ ಕೊಟ್ಟಿಲ್ಲ ಅಂತ. 2009ರಲ್ಲಿ ರಾಜಿಯಾಯಿತು. ಪಿಡಿಎಫ್ ಕೆಲಸಕ್ಕೇ ಬಳಸುವ ಘೋಸ್ಟ್‌ಸ್ಕ್ರಿಪ್ಟ್ ವಿಷಯದಲ್ಲಿ ಅದರ ಮಾಲೀಕ ಕಂಪನಿ ಆರ್ಟಿಫೆಕ್ಸ್, ಕೊರಿಯಾದ ಹ್ಯಾನ್‌ಕಾಮ್ ಕಂಪನಿ ಮೇಲೆ ಕೇಸ್ ಹಾಕಿತು. ಕೇಸ್ ವಜಾ ಮಾಡಿ ಅಂತ ಹ್ಯಾನ್‌ಕಾಮ್ ಕೇಳಿದ್ದಕ್ಕೆ 2017ರಲ್ಲಿ ಕೋರ್ಟು ಒಪ್ಪಲಿಲ್ಲ. ಫ್ರಾನ್ಸ್‌ನಲ್ಲಿ 2024ರ ಫೆಬ್ರವರಿಯಲ್ಲಿ ಆರೆಂಜ್ ಅನ್ನುವ ದೊಡ್ಡ ಟೆಲಿಕಾಂ ಕಂಪನಿಗೆ ಪ್ಯಾರಿಸ್‌ನ ಮೇಲ್ಮನವಿ ಕೋರ್ಟು ಲಕ್ಷಾಂತರ ಯೂರೋ ಪರಿಹಾರ ಕಟ್ಟಲು ಹೇಳಿತು. ಕೇಳಿದವರು ಆಂತ್ರೂವೆರ್ ಅನ್ನುವ ಸಣ್ಣ ಕಂಪನಿ. ಅವರ ಲಾಸ್ಸೊ ಅನ್ನುವ ಜಿಪಿಎಲ್ ಲೈಬ್ರರಿಯ ವಿಷಯ ಅದು.

ಗಂಗಾವತಿಯ ಅಂಗಡಿಯವರ ಮೇಲೆ ಅಲ್ಲಿಂದ ಬಂದು ಯಾರು ಕೇಸ್ ಹಾಕುತ್ತಾರೆ ಅಂತ ನೀವು ಕೇಳಬಹುದು. ನಮ್ಮ ಜೊತೆ ಕೆಲಸ ಮಾಡುವ ಹುಡುಗನೂ ಅದನ್ನೇ ಕೇಳಿದ. "ಅಣ್ಣಾ, ನಮ್ಮನ್ನ ಯಾರ್ ನೋಡ್ತಾರ? ಸುಮ್ನ ಯಾಕ ತಲಿ ಕೆಡಿಸ್ಕೊಳ್ಳೋದು?" ಅಂದ. ಕೋರ್ಟಿನ ಮಾತು ಬಿಡು ಅಂದೆ. ನಮಗೆ ಏಟು ಬೀಳುವುದು ವ್ಯಾಪಾರದಲ್ಲಿ. ದೊಡ್ಡ ಕಂಪನಿ ಫಾರ್ಮ್ ಕಳಿಸುತ್ತದೆ, ನಮ್ಮ ಹತ್ತಿರ ಉತ್ತರ ಇರುವುದಿಲ್ಲ, ಅವರು ಬೇರೆಯವರ ಹತ್ತಿರ ಹೋಗುತ್ತಾರೆ. ಸುಳ್ಳು ಉತ್ತರ ಬರೆದು ಸಹಿ ಹಾಕಿದರೆ ಮುಂದೆ ಆಗುವ ನಷ್ಟಕ್ಕೆಲ್ಲಾ ನಾವೇ ಹೊಣೆ ಅಂತ ಒಪ್ಪಂದದಲ್ಲೇ ಇರುತ್ತದೆ. ಸರ್ಕಾರದ ಕಡೆಯಿಂದಲೂ ಈ ಪಟ್ಟಿ ಕೇಳುವ ಕಾಲ ಬರುತ್ತಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2024ರಲ್ಲೇ ಸಾಫ್ಟ್‌ವೇರ್ ಭಾಗಗಳ ಪಟ್ಟಿ ಹೇಗಿರಬೇಕು ಅಂತ ಮಾರ್ಗಸೂಚಿ ತಂದಿದೆ.

ನಾವು ಕಿತ್ತುಹಾಕಿದ ಎರಡನೆಯ ಭಾಗ ಎಕ್ಸೆಲ್ ರಿಪೋರ್ಟ್ ಮಾಡುವ ಇಪಿಪ್ಲಸ್ ಅನ್ನುವ ಲೈಬ್ರರಿ. ಇದರ 4ನೇ ವರ್ಷನ್ ಎಲ್‌ಜಿಪಿಎಲ್. 2020ರಲ್ಲಿ ಬಂದ 5ರಿಂದ ಪಾಲಿಫಾರ್ಮ್ ನಾನ್‌ಕಮರ್ಷಿಯಲ್, ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ಬಳಸಬೇಕಾದರೆ ದುಡ್ಡು ಕೊಡಬೇಕು. ಟೂಲ್ ಲೈಸೆನ್ಸ್ ಹೆಸರು ಹೇಳಿತು, ನಾನು ಕೋಡ್‌ನಲ್ಲಿ ಹುಡುಕಿದೆ. 5ನೇ ವರ್ಷನ್ ಬಳಸುವಾಗ ನೀವು ವ್ಯಾಪಾರಕ್ಕೋ ಅಲ್ಲವೋ ಅಂತ ಒಂದು ಸಾಲು ಬರೆಯದಿದ್ದರೆ ಎರರ್ ಬರುತ್ತದೆ. ನಮಗೆ ಬರೆದುಕೊಟ್ಟವರು ಅಲ್ಲಿ "ನಾನ್‌ಕಮರ್ಷಿಯಲ್" ಅಂತ ಹಾಕಿದ್ದರು. ಮಾರಾಟಕ್ಕೆ ಅಂತಲೇ ದುಡ್ಡು ತಗೊಂಡು ಬರೆದ ಸಾಫ್ಟ್‌ವೇರ್ ಇದು! ಎರರ್ ಬಂತು, ಎರರ್ ಹೋಗಲಿ ಅಂತ ಹಾಕಿರಬೇಕು. ಆದರೆ ನಮ್ಮ ಹೆಸರಿನಲ್ಲಿ ಹೋದ ಸಾಫ್ಟ್‌ವೇರ್ ಒಳಗೆ ನಮ್ಮ ಪರವಾಗಿ ಒಂದು ಸುಳ್ಳು ಹೇಳಿಕೆ ಕೂತಿತ್ತು. ಇದನ್ನು ನೋಡಿ ಬಹಳ ಬೇಜಾರಾಯಿತು.

ಎರಡನ್ನೂ ತೆಗೆದೆವು. ಎಕ್ಸೆಲ್‌ಗೆ ಈಗ ಕ್ಲೋಸ್ಡ್‌ಎಕ್ಸ್‌ಎಂಎಲ್, ಪಿಡಿಎಫ್‌ಗೆ ಪಿಡಿಎಫ್‌ಶಾರ್ಪ್. ಎರಡೂ ಎಂಐಟಿ. ಪಿಡಿಎಫ್‌ಶಾರ್ಪ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅದರಲ್ಲಿ ಇಂಗ್ಲಿಷ್ ಬಿಲ್ಲು ಮಾತ್ರ ಮಾಡುತ್ತೇವೆ. ರೈತರಿಗೆ ಕೊಡುವ ಕನ್ನಡ ಚೀಟಿ ವಿಂಡೋಸ್‌ನ ಪ್ರಿಂಟಿಂಗ್ ಮೂಲಕ ಸೀದಾ ಪ್ರಿಂಟರ್‌ಗೆ ಹೋಗುತ್ತದೆ. ಅದಕ್ಕೆ ಹಾಕಿದ ಫಾಂಟ್ ನೋಟೊ ಸ್ಯಾನ್ಸ್ ಕನ್ನಡ, ಅದು ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ. ಸಾಫ್ಟ್‌ವೇರ್ ಜೊತೆ ಸೇರಿಸಿ ಕೊಡಬಹುದು, ಫಾಂಟನ್ನೇ ಬೇರೆಯಾಗಿ ಮಾರುವಂತಿಲ್ಲ. ಫಾಂಟ್‌ಗೂ ಲೈಸೆನ್ಸ್ ಇರುತ್ತದೆ ಅನ್ನುವುದನ್ನೇ ಬಹಳ ಜನ ಮರೆಯುತ್ತಾರೆ.

ಹಳೆಯ ವರ್ಷನ್ ಇರುವ ಮಿಲ್‌ಗಳಿಗೆಲ್ಲಾ ಹೋಗಿ ಹೊಸದು ಹಾಕಿಕೊಡುತ್ತಿದ್ದೇವೆ. ಜಿಪಿಎಲ್ 3 ಮತ್ತು ಎಜಿಪಿಎಲ್ 3ರಲ್ಲಿ ಸರಿಪಡಿಸಿಕೊಳ್ಳಲು ದಾರಿ ಇದೆ. ಉಲ್ಲಂಘನೆ ಪೂರ್ತಿ ನಿಲ್ಲಿಸಿದ 60 ದಿನದೊಳಗೆ ಹಕ್ಕುದಾರರು ನೋಟಿಸ್ ಕೊಡದಿದ್ದರೆ ಕಳೆದುಕೊಂಡ ಹಕ್ಕು ಖಾಯಂ ಆಗಿ ವಾಪಸ್ ಬರುತ್ತದೆ. ಅವರಿಂದ ಮೊದಲ ಸಲ ನೋಟಿಸ್ ಬಂದು, 30 ದಿನದೊಳಗೆ ಸರಿಪಡಿಸಿದರೂ ಬರುತ್ತದೆ. 1991ರ ಜಿಪಿಎಲ್ 2ರಲ್ಲಿ ಈ ಅನುಕೂಲ ಇಲ್ಲ.

ಒಬ್ಬ ಸಾಹುಕಾರರು ಕೇಳಿದರು, "ನಮ್ಮ ಅಳಿಯ ಒಂದು ಸ್ಟಾಕ್ ಪ್ರೋಗ್ರಾಂ ಬರದಾನ್ರೀ, ಮಿಲ್ಲಿನಾಗ ಅಷ್ಟ ನಡಸ್ತೀವಿ. ಅದಕ್ಕೂ ತ್ರಾಸ ಐತೇನ್ರೀ?" ಇಲ್ಲ ಅಂದೆ. ಜಿಪಿಎಲ್‌ನ ಷರತ್ತು ಶುರುವಾಗುವುದು ಹೊರಗಿನವರಿಗೆ ಕೊಟ್ಟಾಗ. ನಿಮ್ಮಲ್ಲೇ ಬಳಸಿದರೆ ಜಿಪಿಎಲ್‌ನದು ಯಾವ ತಕರಾರೂ ಇಲ್ಲ. ಪಕ್ಕದ ಮಿಲ್ಲಿಗೆ ಮಾರುವ ದಿನ ಬಂದು ಕೇಳಿ ಅಂದೆ.

ಟೂಲ್‌ನ ಕೊರತೆಗಳನ್ನೂ ಹೇಳಬೇಕು. ಅದು ಹುಡುಕುವುದು ಲೈಸೆನ್ಸ್ ಪಠ್ಯ, ಕಾಪಿರೈಟ್ ಸಾಲು, ಪ್ಯಾಕೇಜ್ ವಿವರ. ಯಾರಾದರೂ ಜಿಪಿಎಲ್ ಕೋಡ್‌ನಿಂದ ನಲವತ್ತು ಸಾಲು ಎತ್ತಿ, ಮೇಲಿನ ಲೈಸೆನ್ಸ್ ಸಾಲು ಬಿಟ್ಟು ಅಂಟಿಸಿದ್ದರೆ ಅದನ್ನು ಹಿಡಿಯುವುದಿಲ್ಲ. ಬರೀ ಡಿಎಲ್‌ಎಲ್ (ಓಡಲು ತಯಾರಾದ ಲೈಬ್ರರಿ ಫೈಲ್) ಕೊಟ್ಟರೆ ಸಿಗುವ ಮಾಹಿತಿ ಕಡಿಮೆ, ಸೋರ್ಸ್ ಮತ್ತು ಪ್ಯಾಕೇಜ್ ಕೊಟ್ಟರೆ ಜಾಸ್ತಿ. ಕಾಮೆಂಟ್‌ನಲ್ಲಿ ಎಲ್ಲೋ ಜಿಪಿಎಲ್ ಅನ್ನುವ ಹೆಸರು ಬಂದರೂ ಪಟ್ಟಿಗೆ ಸೇರಿಸಬಹುದು. ಪತ್ತೆಯಾದ ಪ್ರತಿ ಲೈಸೆನ್ಸಿಗೂ 100ಕ್ಕೆ ಇಷ್ಟು ಅಂತ ಒಂದು ಅಂಕ ಕೊಟ್ಟಿರುತ್ತದೆ, ಫೈಲ್‌ನ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅಂತಲೂ ಇರುತ್ತದೆ. ಅಂಕ ಕಡಿಮೆ ಇದ್ದವನ್ನು ನೀವೇ ತೆರೆದು ಓದಬೇಕು. ಓದುವ ಬೇಸರ ಇದ್ದರೆ ಈ ಟೂಲ್ ನಿಮಗಲ್ಲ.

ಮತ್ತೆ, ಎಲ್‌ಜಿಪಿಎಲ್ ಲೈಬ್ರರಿಯನ್ನು ನೀವು ಬೇರೆ ಡಿಎಲ್‌ಎಲ್ ಆಗಿ ಇಟ್ಟಿದ್ದೀರೋ ಇಲ್ಲಾ ನಿಮ್ಮ ಪ್ರೋಗ್ರಾಂ ಒಳಗೇ ಬೆಸೆದಿದ್ದೀರೋ ಅನ್ನುವುದರ ಮೇಲೆ ನೀವು ಪಾಲಿಸಬೇಕಾದ್ದು ಬದಲಾಗುತ್ತದೆ. ಅದನ್ನು ಸ್ಕ್ಯಾನ್‌ಕೋಡ್ ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಕಾಟಾ ಇದ್ದ ಹಾಗೆ: ತೂಕ ಹೇಳುತ್ತದೆ, ದರ ಹೇಳುವುದಿಲ್ಲ. ಅನುಮಾನ ಇದ್ದ ಕಡೆ ಕಾಪಿರೈಟ್ ತಿಳಿದ ವಕೀಲರನ್ನೇ ಕೇಳಿ. ಆದರೆ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಹೋದರೆ ಅವರ ಫೀಸೂ ಉಳಿಯುತ್ತದೆ, ನಿಮ್ಮ ಸಮಯವೂ ಉಳಿಯುತ್ತದೆ.

ಫಾಸಾಲಜಿ ಅಂತ ಇನ್ನೊಂದು ಇದೆ. ಎಚ್‌ಪಿಯಲ್ಲಿ ಹುಟ್ಟಿದ್ದು, ಈಗ ಲಿನಕ್ಸ್ ಫೌಂಡೇಶನ್ ಕೆಳಗಿದೆ. ಬ್ರೌಸರ್‌ನಲ್ಲಿ ನೋಡಬಹುದು, ನಾಲ್ಕಾರು ಜನ ಕೂತು ಒಂದೊಂದು ಫೈಲ್ ಬಗ್ಗೆ ತೀರ್ಮಾನ ಬರೆದಿಡಬಹುದು. ದೊಡ್ಡ ತಂಡಕ್ಕೆ ಅದೇ ಒಳ್ಳೆಯದು. ಇಬ್ಬರು ಮೂವರು ಇರುವ ಅಂಗಡಿಗೆ ಸರ್ವರ್ ಕಟ್ಟಿ ನೋಡಿಕೊಳ್ಳುವ ಕೆಲಸ ಜಾಸ್ತಿ ಆಯಿತು ಅನಿಸಿತು. ನಮಗೆ ಸ್ಕ್ಯಾನ್‌ಕೋಡೇ ಸಾಕು. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ವಿಂಡೋಸ್‌ನಲ್ಲಿ ಹಾಕುವುದು ಇನ್ನಷ್ಟು ಸುಲಭ ಆದರೆ ಐದು ಕೊಡುತ್ತೇನೆ.

ಈಗ ನಾವು ಹೊಸ ವರ್ಷನ್ ಬಿಡುವ ಮೊದಲು ಇನ್‌ಸ್ಟಾಲರ್ ಒಳಗೆ ಹೋಗುವ ಫೋಲ್ಡರನ್ನೇ ಸ್ಕ್ಯಾನ್ ಮಾಡುತ್ತೇವೆ. ಸೋರ್ಸ್ ಫೋಲ್ಡರ್ ಒಂದನ್ನೇ ಮಾಡಿದರೆ ಸಾಲದು, ಯಾಕೆಂದರೆ ಗಿರಾಕಿಗೆ ಹೋಗುವುದು ಇನ್‌ಸ್ಟಾಲರ್. ಫಲಿತಾಂಶದ ಫೈಲನ್ನು ಆ ವರ್ಷನ್ ಜೊತೆಗೇ ಇಡುತ್ತೇವೆ. ಲೈಬ್ರರಿ ಅಪ್‌ಡೇಟ್ ಮಾಡಿದಾಗ ಲೈಸೆನ್ಸೂ ಬದಲಾಗಿರಬಹುದು, ಇಪಿಪ್ಲಸ್‌ನಲ್ಲಿ ಆದದ್ದು ಅದೇ ತಾನೇ.

ಈ ಟೂಲ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು, ಎಲ್ಲಾ ನಮ್ಮ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ. ಕೋಡನ್ನು ಯಾವ ಸರ್ವರ್‌ಗೂ ಕಳಿಸಬೇಕಾಗಿಲ್ಲ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ನೆಟ್ ತೆಗೆದರೂ ಸ್ಕ್ಯಾನ್ ನಡೆಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸಾಫ್ಟ್‌ವೇರ್ ಮಾಡಿ ಮಾರುವ ಹುಡುಗರು ಯಾರಾದರೂ ಇದ್ದು, ಇದನ್ನು ಹಾಕಿಕೊಳ್ಳಲು ಕಷ್ಟವಾಗುತ್ತಿದ್ದರೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬನ್ನಿ. ಸುಗ್ಗಿ ಟೈಮ್ ಬಿಟ್ಟು ಯಾವಾಗ ಬಂದರೂ ಕೂತು ಹಾಕಿಕೊಡುತ್ತೇನೆ. ನಿಮ್ಮ ಕೋಡ್ ನಾನು ನೋಡುವ ಅಗತ್ಯ ಇಲ್ಲ, ಪಟ್ಟಿ ಓದುವುದು ಹೇಗೆ ಅಂತ ಮಾತ್ರ ತೋರಿಸುತ್ತೇನೆ.